ಬಿಸ್ಕತ್ ಡಬ್ಬಿಯಲ್ಲಿ ಎರಡು ಸೈನ್ಯ

ಗೊಂಬೆ ಸೈನ್ಯ ಕಟ್ಟಿ ಟೇಬಲ್ ಮೇಲೆ ಯುದ್ಧದ ಆಟ ಆಡೋ ನನ್ನ ಹವ್ಯಾಸದ ಬಗ್ಗೆ ಹಾಸನದಲ್ಲಿ ಕಾಲೇಜ್ ಹುಡುಗರ ಮುಂದೆ ಆಡಿದ ಮಾತು ಇದು, ಆಮೇಲೆ ಮನೆಗೆ ಬಂದು ಕೂತು ಬರೆದಿದ್ದು. ಅವತ್ತು ಟೈಮ್ ಸಾಲದೆ ನುಂಗಿಕೊಂಡಿದ್ದನ್ನೂ ಅಲ್ಲಲ್ಲಿ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತೋರಿಗೆ ಕೇಳಿಸ್ತಿದೆಯಾ? ಸರಿ, ಮೊದಲು ಈ ಡಬ್ಬಿ ನೋಡಿಬಿಡಿ. ಬಿಸ್ಕತ್ತಿನ ತಗಡು ಡಬ್ಬಿ, ಒಳಗೆ ಎರಡು ಸೈನ್ಯ ಇದೆ, ಒಂದು ಹೊಯ್ಸಳರದು ಇನ್ನೊಂದು ದಿಲ್ಲಿ ಸುಲ್ತಾನರದು, ಒಟ್ಟು 24 ಬೇಸ್, ಅಂದ್ರೆ ಗೊಂಬೆ ಅಂಟಿಸಿರೋ ಚಪ್ಪಟೆ ಬಿಲ್ಲೆ, ಹೆಚ್ಚೂಕಡಿಮೆ 70 ಗೊಂಬೆ, ಎಲ್ಲಾ ಲೋಹದ್ದು. ಕೈಯಿಂದ ಕೈಗೆ ಕಳಿಸ್ತೀನಿ, ನೋಡಿ, ಬೇಸ್ ಹಿಡ್ಕೊಂಡು ಎತ್ತಿ, ಭರ್ಜಿ ಹಿಡ್ಕೊಂಡು ಎತ್ತಬೇಡಿ. ವಾಪಸ್ ಬಂದಾಗ ನಾನು ಎಣಿಸ್ತೀನಿ, ಬೇಜಾರ್ ಮಾಡ್ಕೋಬೇಡಿ, ಅಭ್ಯಾಸ.

ಡಬ್ಬಿ ತಗಡಿಂದೇ ಯಾಕೆ ಅಂದ್ರೆ ಅದಕ್ಕೊಂದು ಕತೆ ಇದೆ. ಪ್ರತಿ ಬೇಸಿನ ತಳಕ್ಕೆ ತೆಳ್ಳಗಿನ ಮ್ಯಾಗ್ನೆಟ್ ಶೀಟ್ ಅಂಟಿಸಿರ್ತೀವಿ, ಡಬ್ಬಿ ತಳಕ್ಕೆ ಅದು ಕಚ್ಕೊಂಡ್ರೆ ಬಸ್ ಎಷ್ಟು ಕುಲುಕಿದ್ರೂ ಗೊಂಬೆ ಅಲ್ಲಾಡಲ್ಲ. ನಾನು ಮೊದಲ ಸಲ ಹಪ್ಪಳ ಇಡೋ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿ ತಗೊಂಡು ಸಕಲೇಶಪುರಕ್ಕೆ ಹೊರಟೆ. ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯಲ್ಲ ಅನ್ನೋದು ಆ ರೋಡಲ್ಲಿ ಗೊತ್ತಾಯ್ತು. ಡಬ್ಬಿ ತೆಗೆದ್ರೆ ಎರಡೂ ಸೈನ್ಯ ಒಂದರ ಮೇಲೊಂದು ಬಿದ್ದಿತ್ತು, ಮೂರು ಆನೆಗಳಲ್ಲಿ ಒಂದರ ದಂತ ಮುರಿದಿತ್ತು. ಆಟ ಶುರುವಾಗೋಕ್ಕೆ ಮುಂಚೇನೇ ಸೋಲು. ಅವತ್ತಿಂದ ಅಂಗಡಿಗೆ ಹೋದ್ರೆ ಜೇಬಲ್ಲಿ ಒಂದು ಫ್ರಿಡ್ಜ್ ಮ್ಯಾಗ್ನೆಟ್ ಇಟ್ಕೊಂಡು ಹೋಗಿ ಡಬ್ಬಿಗೆ ಅಂಟುತ್ತಾ ನೋಡಿ ತರ್ತೀನಿ, ಅಂಗಡಿಯವ್ರು ನನ್ನ ಮುಖ ನೋಡ್ತಾರೆ, ನೋಡ್ಲಿ.

ಈ ಹವ್ಯಾಸಕ್ಕೆ ಕನ್ನಡದಲ್ಲಿ ಹೆಸರಿಲ್ಲ, ವಾರ್‌ಗೇಮಿಂಗ್ ಅಂತಾನೇ ಅಂತೀವಿ. ಚೆಸ್ ಥರಾನಾ ಅಂತ ಕೇಳ್ತಾರೆ. ಚೆಸ್ಸೂ ಇದರ ಅಜ್ಜನೇ, ಆನೆ ಕುದುರೆ ರಥ ಕಾಲಾಳು ನಾಲ್ಕೂ ಅಂಗ ಸೇರಿದ್ದಕ್ಕೇ ಅಲ್ವಾ ಚತುರಂಗ ಅಂದಿದ್ದು. ಆದ್ರೆ ಇಲ್ಲಿ ಚೌಕ ಇಲ್ಲ, ಟೇಬಲ್ ಮೇಲೆ ಗುಡ್ಡ, ಹಳ್ಳ, ಊರು ಇಟ್ಟು, ನಿಜವಾಗಿ ಇದ್ದ ಸೈನ್ಯಗಳನ್ನ ಗೊಂಬೆ ಮಾಡಿ ನಿಲ್ಲಿಸಿ, ಸ್ಕೇಲಲ್ಲಿ ಅಳೆದು ನಡೆಸಿ, ದಾಳ ಹಾಕಿ ತೀರ್ಮಾನ ಮಾಡೋದು. ಪ್ರಷ್ಯಾದಲ್ಲಿ 1824ರ ಹೊತ್ತಿಗೆ ಆಫೀಸರುಗಳ ತರಬೇತಿಗೇ ಇಂಥ ಆಟ ಇತ್ತು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಮಕ್ಕಳ ಸೀಸದ ಸಿಪಾಯಿಗಳನ್ನ ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಫಿರಂಗೀಲಿ ಹೊಡೆದು ಬೀಳಿಸೋ ಆಟಕ್ಕೆ ರೂಲ್ಸ್ ಬರೆದು ಪುಸ್ತಕ ಮಾಡಿದ. ಆ ಸಿಪಾಯಿಗಳು ದೊಡ್ಡವು, 54 ಎಂಎಂ, ಅಂದ್ರೆ ಎರಡು ಇಂಚಿಗೂ ಸ್ವಲ್ಪ ಮೇಲೆ. ಅಷ್ಟು ದೊಡ್ಡದರಲ್ಲಿ ಒಂದು ಸೈನ್ಯ ಕಟ್ಟಬೇಕು ಅಂದ್ರೆ ಮನೆಯ ಹಾಲ್ ಖಾಲಿ ಮಾಡಿ ನೆಲದ ಮೇಲೆ ಮಲಗಬೇಕು. ನಮ್ಮ ಮನೇಲಿ ಅದು ನಡೆಯೋ ಮಾತಲ್ಲ, ನಿಮ್ಮನೇಲೂ ಇರಲಿಕ್ಕಿಲ್ಲ.

ನನಗೆ ಇದರ ಹುಚ್ಚು ಹಿಡಿಸಿದ್ದು ನಮ್ಮಜ್ಜಿ. ದಸರಾ ಗೊಂಬೆ ಕೂರಿಸೋವಾಗ ಪಟ್ಟದ ಗೊಂಬೆ ಮೇಲೆ, ಕೆಳಗಿನ ಮೆಟ್ಟಿಲಲ್ಲಿ ಮೈಸೂರು ಮೆರವಣಿಗೆ ಸೆಟ್ಟು, ಮಣ್ಣಿನ ಸಿಪಾಯಿಗಳು, ಬ್ಯಾಂಡಿನವ್ರು, ಅಂಬಾರಿ ಆನೆ. ಅದರಲ್ಲಿ ಒಬ್ಬ ಸಿಪಾಯಿಗೆ ತಲೆ ಇರಲಿಲ್ಲ, ಅವನನ್ನ ಅಜ್ಜಿ ಯಾವಾಗಲೂ ಸಾಲಿನ ನಡುವೆ ನಿಲ್ಲಿಸೋಳು. ಯಾಕಜ್ಜಿ ಅಂದ್ರೆ, "ಗುಂಪಲ್ಲಿ ಯಾರಿಗೆ ಕಾಣ್ತದೆ, ಬಿಡೋ ಮಗ" ಅನ್ನೋಳು. ಇವತ್ತು ನಾನು ಹೇಳೋಕ್ಕೆ ಬಂದಿರೋದು ಹೆಚ್ಚೂಕಡಿಮೆ ಅದನ್ನೇ. ಸಣ್ಣ ಸ್ಕೇಲಲ್ಲಿ, ಅಂದ್ರೆ ಸಣ್ಣ ಅಳತೆಯ ಗೊಂಬೆಗಳಲ್ಲಿ, ನಾವು ಸಿಪಾಯೀನ ಕೂರಿಸಲ್ಲ, ಸಾಲನ್ನ ಕೂರಿಸ್ತೀವಿ.

ಸ್ಕೇಲ್ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಏಕೆಂದ್ರೆ ಎಲ್ಲರೂ ದುಡ್ಡು ಕಳ್ಕೊಳ್ಳೋದು ಇಲ್ಲೇ. ಮಾಮೂಲಿ ಸಿಗೋದು 28, 15, 10, 6 ಎಂಎಂ. 6 ಎಂಎಂ ಅಂದ್ರೆ ಒಂದು ಅಕ್ಕಿ ಕಾಳು ನೆಟ್ಟಗೆ ನಿಂತ ಹಾಗೆ. 15 ಎಂಎಂ ಅಂದ್ರೆ ನಿಮ್ಮ ಕಿರುಬೆರಳ ಉಗುರಿಗಿಂತ ಸ್ವಲ್ಪ ಎತ್ತರ. ಈ ಎಂಎಂ ಅನ್ನೋದು ಗೊಂಬೆಯ ಎತ್ತರ, ಆದ್ರೆ ಎಲ್ಲಿಂದ ಎಲ್ಲಿಗೆ ಅಂತ ಒಮ್ಮತ ಇಲ್ಲ, ಕೆಲವರು ಪಾದದಿಂದ ನೆತ್ತಿಗೆ ಅಳೀತಾರೆ, ಕೆಲವರು ಕಣ್ಣಿನವರೆಗೆ, ಯಾಕಂದ್ರೆ ತಲೆ ಮೇಲೆ ಪೇಟ ಟೋಪಿ ಕಿರೀಟ ಏನೇನೋ ಇರುತ್ತಲ್ಲ. ಸಾಲದ್ದಕ್ಕೆ ವರ್ಷ ಕಳೆದ ಹಾಗೆ ಗೊಂಬೆಗಳು ಬೆಳೀತಾ ಬಂದಿವೆ, 25 ಅಂತಿದ್ದಿದ್ದು 28 ಆಯ್ತು, 15 ಅಂತ ಬರೆದಿರೋ ಎಷ್ಟೋ ಪ್ಯಾಕೆಟ್ ಒಡೆದು ನೋಡಿದ್ರೆ 18 ಇರುತ್ತೆ. ಎರಡು ಬೇರೆ ಬೇರೆ ಕಂಪನಿಯ 15 ಎಂಎಂ ಕುದುರೆ ಸವಾರರನ್ನ ಒಂದೇ ಬೇಸ್ ಮೇಲೆ ನಿಲ್ಲಿಸಿದ್ರೆ ಒಬ್ಬ ಅಪ್ಪ ಒಬ್ಬ ಮಗ ಇದ್ದ ಹಾಗೆ ಕಾಣ್ತಾರೆ. ಬೇರೆ ಬೇರೆ ಬೇಸಿಗೆ ಹಾಕಿ, ಒಂದು ಗೇಣು ದೂರ ಇಟ್ರೆ ಗೊತ್ತೇ ಆಗಲ್ಲ. ಇದು ನನ್ನ ಹತ್ತು ವರ್ಷದ ಅನುಭವ, ಪುಕ್ಕಟೆ ಹೇಳ್ತಿದೀನಿ.

ಇನ್ನೊಂದು ಲೆಕ್ಕ ಮಾಡೋಣ. ಹದಿನೆಂಟನೇ ಶತಮಾನದ ಕೊನೆಯ ಒಂದು ಬೆಟಾಲಿಯನ್ ತಗೊಳ್ಳಿ, 600 ಜನ ಅಂತಿಟ್ಕೊಳ್ಳಿ, ಎರಡು ಸಾಲಲ್ಲಿ ನಿಂತ್ರೆ ಸಾಲಿಗೆ 300 ಜನ, ಭುಜಕ್ಕೆ ಭುಜ ತಾಗಿಸಿ ನಿಂತ್ರೂ ಉದ್ದ 170 ಮೀಟರ್ ಆಸುಪಾಸು. 6 ಎಂಎಂ ಗೊಂಬೆ ನಿಜವಾದ ಮನುಷ್ಯನ 300ರಲ್ಲಿ ಒಂದು ಪಾಲು. 170 ಮೀಟರನ್ನ 300ರಿಂದ ಭಾಗಿಸಿ, 57 ಸೆಂಟಿಮೀಟರ್! ಅಂದ್ರೆ ಅಕ್ಕಿ ಕಾಳಿನಷ್ಟು ಗೊಂಬೆ ಇಟ್ಟರೂ ಒಂದೇ ಬೆಟಾಲಿಯನ್ನು ಅರ್ಧ ಟೇಬಲ್ ತಿನ್ನುತ್ತೆ. ಹಾಗಾಗಿ ಆಟದಲ್ಲಿ ನೆಲಕ್ಕೊಂದು ಸ್ಕೇಲು ಗೊಂಬೆಗೊಂದು ಸ್ಕೇಲು. ಟೇಬಲ್ ಮೇಲಿನ ಒಂದು ಎಂಎಂ ಅಂದ್ರೆ ನೆಲದ ಮೇಲೆ ಒಂದು ಮೀಟರ್ ಅಂತ ಇಟ್ಕೊಂಡ್ರೆ ಸಿಪಾಯಿ ಎತ್ತರ ಎರಡು ಎಂಎಂ ಕೂಡ ಇರಬಾರದು, ನಾವು 15 ಎಂಎಂ ಇಡ್ತೀವಿ, ಅಂದ್ರೆ ಎಲ್ಲರೂ ಬಕಾಸುರನ ಸಂತಾನ. ಒಬ್ಬ ಗೊಂಬೆ 20 ಜನಕ್ಕೋ 50 ಜನಕ್ಕೋ ಸಮ ಅಂತ ಒಪ್ಕೊಂಡು ಆಡೋದು. ಈ ಸುಳ್ಳು ಎಷ್ಟು ಕಮ್ಮಿ ಕಣ್ಣಿಗೆ ಹೊಡೆಯುತ್ತೋ ಅಷ್ಟು ಯುದ್ಧಭೂಮಿ ಅನ್ನಿಸುತ್ತೆ. 28 ಎಂಎಂನಲ್ಲಿ ಹನ್ನೆರಡು ಜನ ನಿಂತ್ರೆ ಊರ ಜಗಳ ಥರ ಕಾಣುತ್ತೆ, 6 ಎಂಎಂನಲ್ಲಿ ಅದೇ ಜಾಗಕ್ಕೆ ನೂರು ಜನ ಹಿಡೀತಾರೆ, ದೂರದ ಗುಡ್ಡದ ಮೇಲೆ ನಿಂತು ದಂಡು ನೋಡಿದ ಹಾಗಿರುತ್ತೆ.

ಲೋಹದ ವಿಷಯ. ನಿಮ್ಮಲ್ಲಿ ಎಷ್ಟು ಜನ ಕಲಾಯಿ ಹಾಕೋದನ್ನ ನೋಡಿದೀರ? ಮೂರೇ ಕೈಯಾ? ಹೋಗ್ಲಿ. ನಾನು ಚಿಕ್ಕವನಿದ್ದಾಗ ಬೀದಿ ಮೂಲೇಲಿ ಗುಂಡಿ ತೋಡಿ, ತಿದಿ ಒತ್ತಿ, ತಾಮ್ರದ ಹಂಡೆ ಕಾಯಿಸಿ, ನವಸಾಗರದ ಪುಡಿ ಹಾಕಿ ಉಜ್ಜಿ, ತವರದ ಕಡ್ಡಿ ಒಂದು ಸಲ ಎಳೆದ್ರೆ ಒಳಗೆಲ್ಲಾ ಬೆಳ್ಳಿ ಥರ ಹರಿಯೋದು, ಆ ಹೊಗೆ ವಾಸನೆ ಈಗಲೂ ಮೂಗಲ್ಲಿದೆ. ನಮ್ಮ ಗೊಂಬೆಗಳ ಮೂಲ ಅದೇ ತವರ. ತವರ ಕರಗೋದು 232 ಡಿಗ್ರಿಗೆ, ಸೀಸ 327ಕ್ಕೆ, ಆದ್ರೆ 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿ ನೋಡಿ, 183ಕ್ಕೇ ನೀರಾಗುತ್ತೆ, ಎರಡಕ್ಕಿಂತಲೂ ಕಡಿಮೆ. ರೇಡಿಯೋ ರಿಪೇರಿಯವ್ರ ಬೆಸುಗೆ ತಂತಿ ಅದೇ. ಹಳೇ ಗೊಂಬೆಗಳಲ್ಲಿ ಸೀಸ ಜಾಸ್ತಿ ಇರೋದು, ಈಗಿನವು ಬಹುತೇಕ ಸೀಸ ಇಲ್ಲದ ತವರದ ಮಿಶ್ರಣ, ಗಟ್ಟಿ ಬರಲಿ ಅಂತ ಆಂಟಿಮನಿ ಹಾಕಿರ್ತಾರೆ. ಎರಕ ಹೊಯ್ಯೋದು ರಬ್ಬರ್ ಅಚ್ಚಲ್ಲಿ, ಎರಡು ದಪ್ಪ ರಬ್ಬರ್ ತಟ್ಟೆ, ನಮ್ಮ ದೋಸೆ ಹಂಚಿನಷ್ಟಗಲ, ನಡುವೆ ತೂತು, ಸುತ್ತ ಗೊಂಬೆಯ ಕುಳಿಗಳು. ತಟ್ಟೆ ಗಿರಗಿರ ತಿರುಗ್ತಿರುವಾಗ ನಡುವಿನ ತೂತಿಗೆ ಕರಗಿದ ಲೋಹ ಹುಯ್ತಾರೆ, ಅದು ಮೊಸರು ಕಡೆದಾಗ ಪಾತ್ರೆ ಅಂಚಿಗೆ ಏರುತ್ತಲ್ಲ ಹಾಗೆ ಹೊರಕ್ಕೆ ನುಗ್ಗಿ ಕತ್ತಿ ತುದಿವರೆಗೂ ತುಂಬ್ಕೊಳ್ಳುತ್ತೆ. ಎರಡು ತಟ್ಟೆ ಸೇರೋ ಜಾಗದಲ್ಲಿ ಲೋಹ ಸ್ವಲ್ಪ ಆಚೆ ಬಂದು ಗೊಂಬೆ ಸುತ್ತ ಒಂದು ಗೆರೆ ಉಳಿಯುತ್ತೆ. ಅದನ್ನ ಅರದಲ್ಲಿ ಉಜ್ಜಿ ತೆಗೀಬೇಕು, ಬಿಟ್ರೆ ಪೇಂಟ್ ಮಾಡಿದ ಮೇಲೆ ಕುದುರೆ ಬೆನ್ನಲ್ಲಿ ಹೊಲಿಗೆ ಹಾಕಿದ ಹಾಗೆ ಕಾಣುತ್ತೆ.

ಹಳೇ ಸೀಸದ ಗೊಂಬೆ ಯಾರಾದ್ರೂ ಕೊಟ್ರೆ ತಗೊಳ್ಳಿ, ಆದ್ರೆ ಉಜ್ಜಿದ ಪುಡಿ ಬಗ್ಗೆ ಎಚ್ಚರ. ಪೇಪರ್ ಹಾಸಿ ಉಜ್ಜಿ, ಒದ್ದೆ ಬಟ್ಟೇಲಿ ಒರೆಸಿ, ಸೋಪಲ್ಲಿ ಕೈ ತೊಳೀರಿ, ಆ ಟೇಬಲ್ ಮೇಲೆ ಕಡ್ಲೆಪುರಿ ಇಟ್ಕೊಂಡು ತಿನ್ಬೇಡಿ, ಚಿಕ್ಕ ಮಕ್ಕಳಿಗಂತೂ ಕೊಡಲೇಬೇಡಿ. ಇನ್ನೊಂದು ಕಾಯಿಲೆ ಇದೆ, ಸೀಸ ಕೊಳೆಯೋದು. ಕೊಳೆಯೋದು ಅಂದ್ರೆ ಬೂದಿ ಬಣ್ಣದ ಪುಡಿ ಎದ್ದು ಮುಖವೇ ತಿಂದುಹಾಕುತ್ತೆ, ಅದು ಸೀಸದ ಕಾರ್ಬೊನೇಟು. ಮರದಿಂದ ಬರೋ ಅಸಿಟಿಕ್ ಆಸಿಡ್ ಆವಿ, ಅಂದ್ರೆ ವಿನೆಗರಿನ ಹುಳಿ, ಅದರ ಜೊತೆ ತೇವ ಸೇರಿದ್ರೆ ಶುರು. ಓಕ್ ಮರದ ಬೀರು ಇದಕ್ಕೆ ಕುಖ್ಯಾತ. ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ನಿಜವಾದ ಓಕ್ ಜಾತಿ ಅಲ್ಲ, ಆದ್ರೂ ಹಸಿ ಹಲಗೆ ಯಾವುದಾದ್ರೂ ಹುಳಿ ಬಿಡುತ್ತೆ, ಮಳೆಗಾಲದ ತೇವ ಮಲೆನಾಡಲ್ಲಿ ಯಾರೂ ಕೇಳ್ಬೇಕಾಗಿಲ್ಲ. ಅದಕ್ಕೇ ನಾನು ಮರದ ಡ್ರಾಯರಲ್ಲಿ ಲೋಹ ಇಡಲ್ಲ.

ಈಗ ಯಾವ ಸೈನ್ಯ ಕಟ್ಟೋದು. ಎಲ್ಲರೂ ಮೊದಲು ಓಡೋದು ರೋಮನ್ನರ ಕಡೆ ಇಲ್ಲಾ ನೆಪೋಲಿಯನ್ ಕಡೆ, ತಪ್ಪೇನಿಲ್ಲ, ಸಿಗೋ ಗೊಂಬೆ ಅಲ್ಲೇ ಜಾಸ್ತಿ. ನಾನೂ ಹಾಗೇ ಶುರು ಮಾಡಿ, ಇವತ್ತು ಒಂದು ಪ್ಯಾಕೆಟ್ ನಾಳೆ ಒಂದು ಪ್ಯಾಕೆಟ್ ಅಂತ ತರಿಸಿ ತರಿಸಿ, ಎರಡು ವರ್ಷಕ್ಕೆ ಆರು ದೇಶದ ಅರ್ಧರ್ಧ ಸೈನ್ಯ ಆಯ್ತು, ಒಂದೂ ಆಡೋ ಹಾಗಿಲ್ಲ. ಪೇಂಟ್ ಮಾಡದೆ ಬಿದ್ದಿರೋ ಈ ರಾಶಿಗೆ ಇಂಗ್ಲಿಷಿನವ್ರು ಸೀಸದ ಬೆಟ್ಟ ಅಂತಾರೆ. ನಮ್ಮನೆಯವಳು ಅದಕ್ಕಿಟ್ಟ ಹೆಸರು ಬೇರೆ, ಇಲ್ಲಿ ಹೇಳಲ್ಲ.

ದಾರಿಗೆ ತಂದಿದ್ದು ಡಿಬಿಎ, ಅಂದ್ರೆ ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್ ಅನ್ನೋ ಆಟದ ರೂಲ್ಸು, 1990ರಲ್ಲಿ ಬಂದಿದ್ದು, ಪ್ರಾಚೀನ ಮತ್ತು ಮಧ್ಯಯುಗದ ಸೈನ್ಯಗಳಿಗೆ. ಅದರಲ್ಲಿ ಯಾವ ಸೈನ್ಯ ಆದ್ರೂ ಹನ್ನೆರಡೇ ಎಲಿಮೆಂಟು, ಅಂದ್ರೆ ಹನ್ನೆರಡು ಬೇಸು. 15 ಎಂಎಂಗೆ ಬೇಸ್ ಅಗಲ 40 ಎಂಎಂ, ಒತ್ತಾಗಿ ನಿಂತ ಕಾಲಾಳು ಆದ್ರೆ ನಾಲ್ಕು ಜನ, ಕುದುರೆ ಆದ್ರೆ ಮೂರು, ಆನೆ ಆದ್ರೆ ಒಂದೇ. ಎರಡಡಿ ಚೌಕದ ಹಲಗೆ ಸಾಕು, ಊಟದ ಟೇಬಲ್ ಮೇಲೆ ಹಿಡೀತದೆ, ಒಂದು ಗಂಟೇಲಿ ಆಟ ಮುಗಿಯುತ್ತೆ. ಪ್ರತಿ ಸರದೀಲಿ ಒಂದು ದಾಳ ಹಾಕ್ಬೇಕು, ಎಷ್ಟು ಬೀಳುತ್ತೋ ಅಷ್ಟು ಗುಂಪು ಮಾತ್ರ ನಡೆಸಬಹುದು, ಒಂದು ಬಿತ್ತು ಅಂದ್ರೆ ಬಲಗಡೆ ಉರೀತಿದ್ರೂ ಎಡಗಡೆಯವ್ರು ನೋಡ್ತಾ ನಿಲ್ಲಬೇಕು. ದಂಡನಾಯಕನ ಕಷ್ಟ ಏನು ಅಂತ ನನಗೆ ಅರ್ಥ ಆಗಿದ್ದು ಈ ಒಂದು ದಾಳದಿಂದ.

ಹಾಸನದಂಥ ಊರಲ್ಲಿ ಇನ್ನೊಂದು ತಾಪತ್ರಯ ಇದೆ. ದೊಡ್ಡ ಊರಲ್ಲಾದ್ರೆ ನೀವೊಂದು ಸೈನ್ಯ ಕಟ್ಟಿದ್ರೆ ಎದುರಾಳಿ ಅವನ ಸೈನ್ಯ ತರ್ತಾನೆ. ಇಲ್ಲಿ ಎದುರಾಳಿ ಅಂದ್ರೆ ಎದುರು ಮನೆ ಪಿಯುಸಿ ಹುಡುಗ, ಅವನು ತರೋದು ಬರೀ ಕೈ, ಜೊತೆಗೆ ಹಸಿವು. ಹಾಗಾಗಿ ಎರಡೂ ಕಡೆ ನಾವೇ ಕಟ್ಟಬೇಕು. 28 ಎಂಎಂನಲ್ಲಿ ನನ್ನ ಸಂಬಳಕ್ಕೆ ಅದು ಆಗ್ತಿರಲಿಲ್ಲ, 15ರಲ್ಲಿ ಎರಡು ಸೈನ್ಯ ಒಂದು ಬಿಸ್ಕತ್ ಡಬ್ಬಿ. ಸಣ್ಣ ಸ್ಕೇಲನ್ನ ಬಡವರ ಪಾಡು ಅನ್ನೋರಿದಾರೆ, ನನಗೆ ಅದೇ ಪೂರ್ತಿ ಆಟ ಕೊಟ್ಟಿದ್ದು.

ಅಲ್ಲಿಗೆ ಯೋಚನೆ ಬಂತು, ಎರಡೂ ನಾನೇ ಕಟ್ಟೋದಾದ್ರೆ ನಮ್ಮೂರಿಂದೇ ಯಾಕೆ ಕಟ್ಟಬಾರದು. 1311ರಲ್ಲಿ ದಿಲ್ಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ, ಅಂದ್ರೆ ಈಗಿನ ಹಳೇಬೀಡಿಗೆ, ಬಂದಾಗ ಹೊಯ್ಸಳ ದೊರೆ ಮೂರನೇ ಬಲ್ಲಾಳ ಪಾಂಡ್ಯರ ನಾಡಿನ ಕಡೆ ಹೋಗಿದ್ದ, ಓಡಿ ಬಂದ, ಕೊನೆಗೆ ಶರಣಾದ. ದೊಡ್ಡ ಬಯಲು ಕಾಳಗ ಅಂತ ನಡೀಲೇ ಇಲ್ಲ ಅನ್ನಬಹುದು, ಆದ್ರೆ ಟೇಬಲ್ ಮೇಲೆ ನಡೆಸಿ ನೋಡೋಕ್ಕೆ ಯಾರ ಅಪ್ಪಣೆ ಬೇಕು? ಹೊಯ್ಸಳರಿಗೆ ನಾನು ಹಾಕ್ಕೊಂಡಿದ್ದು ಆನೆ ಮೂರು ಬೇಸ್, ಕುದುರೆ ಎರಡು, ಕತ್ತಿಯವ್ರು ಎರಡು, ಬಿಲ್ಲಿನವ್ರು ನಾಲ್ಕು, ಬಿಡಿಬಿಡಿಯಾಗಿ ಓಡಾಡೋರು ಒಂದು. ಕತ್ತಿಯವ್ರಲ್ಲಿ ಒಂದು ಬೇಸ್ ಗರುಡರು, ಅಂದ್ರೆ ರಾಜನ ಜೊತೆ ಪ್ರಾಣ ಬಿಡೋ ಪ್ರತಿಜ್ಞೆ ಮಾಡಿದೋರು. ಹಳೇಬೀಡಲ್ಲಿ ಹೊಯ್ಸಳೇಶ್ವರ ದೇವಸ್ಥಾನದ ಹತ್ರ ಕುವರ ಲಕ್ಷ್ಮನ ಕಂಬ ಇದೆ, ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಹೆಂಡತಿ, ಪರಿವಾರದ ಸಮೇತ ಪ್ರಾಣ ಕೊಟ್ಟವನು. ಟೂರಿಸ್ಟುಗಳು ಅದರ ಮುಂದೆ ನಿಂತು ಎಳನೀರು ಕುಡೀತಾರೆ, ಅದರ ಮೇಲಿನ ಶಾಸನ ಓದೋದಿಲ್ಲ.

ಗೊಂಬೆಗಳು ಹೊರಗಿಂದ ಬಂದಿದ್ದೇ, ಮಧ್ಯಯುಗದ ಭಾರತೀಯ ಸೈನ್ಯ ಅಂತ ಮಾರೋದು. ಅದನ್ನ ಹೊಯ್ಸಳ ಮಾಡೋದು ನಮ್ಮ ಕೆಲಸ. ಇಲ್ಲಿ ನಾವು ಪುಣ್ಯವಂತರು ನೋಡಿ, ಇಂಗ್ಲೆಂಡಿನವನು ಪುಸ್ತಕದ ಚಿತ್ರ ನೋಡ್ಬೇಕು, ನಮಗೆ ಹಳೇಬೀಡಿನ ಗೋಡೆ ಇದೆ. ಕೆಳಗಿನ ಸಾಲಲ್ಲಿ ಆನೆ, ಮೇಲೆ ಕುದುರೆ ಸವಾರರ ಸಾಲು, ಜೀನು ಹೇಗೆ, ಕಡಿವಾಣ ಹೇಗೆ, ಗುರಾಣಿ ಎಷ್ಟಗಲ, ಎಲ್ಲಾ ಕಲ್ಲಲ್ಲೇ ಇದೆ. ಶಿಲ್ಪಿ ಅಲಂಕಾರ ಜಾಸ್ತಿ ಮಾಡಿರ್ತಾನೆ, ಅದನ್ನ ಒಂದು ಪಾಲು ಇಳಿಸಿ ನೋಡ್ಬೇಕು. ಅದಕ್ಕೆ ವೀರಗಲ್ಲು ಇನ್ನೂ ಮೇಲು. ನಿಮ್ಮೂರ ಬಾಗಿಲಲ್ಲೋ ಕೆರೆ ಏರಿ ಮೇಲೋ ವಾಲಿಕೊಂಡು ನಿಂತಿರುತ್ತಲ್ಲ, ಕೆಳಗಿನ ಪಟ್ಟಿಕೇಲಿ ಕಾದಾಟ, ನಡುವೆ ಅಪ್ಸರೆಯರು ಎತ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು. ನಮಗೆ ಬೇಕಾಗಿರೋದು ಕೆಳಗಿನ ಪಟ್ಟಿಕೆ. ನಾನು ಮೊಬೈಲಲ್ಲಿ ಫೋಟೋ ತೆಗೀತಾ ಕೂತಿದ್ದಾಗ ಒಬ್ಬ ಯಜಮಾನ್ರು ಬಂದು, "ಏನ್ಸಾರ್, ನಿಧಿಗಿಧಿ ಐತಾ" ಅಂದ್ರು. ಗೊಂಬೆಗೆ ಬಣ್ಣ ಹಚ್ಚೋಕ್ಕೆ ಯಜಮಾನ್ರೇ ಅಂದೆ. ನಿಧಿ ಅಂತಾನೇ ಹೇಳಿದ್ರೆ ನಂಬ್ತಿದ್ರೇನೋ.

ಭರ್ಜಿಗಳ ವಿಷಯ ಮರೆತಿದ್ದೆ. ಲೋಹದ ಭರ್ಜಿ ಪಾರ್ಸೆಲಲ್ಲೇ ಬಾಗಿ ಬಂದಿರುತ್ತೆ, ನೆಟ್ಟಗೆ ಮಾಡೋಕ್ಕೆ ಹೋದ್ರೆ ಎರಡನೇ ಸಲಕ್ಕೆ ಪಟ್ ಅನ್ನುತ್ತೆ. ಕತ್ತರಿಸಿ ಎಸೆದುಬಿಡಿ. ತೆಂಗಿನ ಗರಿ ಪೊರಕೆ ಕಡ್ಡಿಯ ತುದಿ ಹೇಗೆ ಸಣ್ಣ ಆಗ್ತಾ ಹೋಗುತ್ತೆ ನೋಡಿ, 28 ಎಂಎಂಗೆ ಅದು ಸರಿಹೋಗುತ್ತೆ, 15ಕ್ಕೆ ಅದೂ ದಪ್ಪ, ಗುಂಡುಪಿನ್ ತಲೆ ಕತ್ತರಿಸಿ ತುದಿ ಮೇಲೆ ಮಾಡಿ ಅಂಟಿಸ್ತೀನಿ. ಚುಚ್ಚುತ್ತೆ. ಆದ್ರೆ ಬಾಗಲ್ಲ.

ಪೇಂಟಿಂಗಲ್ಲಿ ಜನ ಮಾಡೋ ತಪ್ಪು, ಕಣ್ಣು ಬರೆಯೋಕ್ಕೆ ಹೋಗೋದು. 15 ಎಂಎಂ ಗೊಂಬೆಗೆ ಕಣ್ಣು ಬರೆದ್ರೆ ದೆವ್ವ ಹಿಡಿದೋರ ಥರ ಕಾಣ್ತಾರೆ. ಸೋಪು ನೀರಲ್ಲಿ ತೊಳೆದು ಒಣಗಿಸಿ, ಕಾರಿಗೆ ಹೊಡೆಯೋ ಗ್ರೇ ಪ್ರೈಮರ್ ಸ್ಪ್ರೇ ತೆಳ್ಳಗೆ ಹೊಡೆದು, ಬಣ್ಣ ಹಚ್ಚಿ, ಮೇಲೆ ನೀರಾದ ಕಂದು ಬಣ್ಣ ಒಂದು ಸಲ ಹರಿಸಿಬಿಡಿ, ಸಂದುಗೊಂದಿಗೆ ಇಳಿದು ನೆರಳು ತಾನೇ ಬರುತ್ತೆ. ಬಣ್ಣ ನಿಜಕ್ಕಿಂತ ಒಂದು ಪಟ್ಟು ತಿಳಿ ಇರಲಿ, ಗೊಂಬೆ ಸಣ್ಣ ಆದಷ್ಟೂ ಕಪ್ಪಾಗಿ ಕಾಣುತ್ತೆ. ಬ್ರಷ್ಷು ತೀರಾ ಸಣ್ಣದು ಬೇಡ, ತುದಿ ಚೂಪಿರೋ ಒಂದನೇ ನಂಬರ್ ಸಾಕು, ಸೊನ್ನೆ ಸೊನ್ನೆ ಸೊನ್ನೆ ಬ್ರಷ್ಷಲ್ಲಿ ಬಣ್ಣ ಗೊಂಬೆ ಮುಟ್ಟೋಕ್ಕೆ ಮುಂಚೆ ಒಣಗಿರುತ್ತೆ. ಕೈ ಚಾಚಿ ಹಿಡಿದು ನೋಡಿ ಚೆನ್ನಾಗಿ ಕಂಡ್ರೆ ಮುಗೀತು, ಕನ್ನಡಕ ಹಾಕ್ಕೊಂಡು ಮೂಗಿನ ಹತ್ರ ತರಬೇಡಿ.

ಎರಡು ಅನಾಹುತ ಹೇಳಿ ಮುಂದೆ ಹೋಗ್ತೀನಿ. ಒಂದು ಜುಲೈಲಿ, ಮಳೆ ಹಿಡಿದಿತ್ತು, ಭಾನುವಾರ ಅಂತ ಟೆರೇಸ್ ಶೀಟಿನ ಕೆಳಗೆ ನಿಂತು ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ, ಹತ್ತು ನಿಮಿಷದಲ್ಲಿ ಮೂರು ತಿಂಗಳ ಕೆಲಸದ ಮೇಲೆ ಬೂದು ಮಂಜು ಕವಿದು ಕೂತಿತ್ತು, ಗಾಳಿಯ ತೇವ ವಾರ್ನಿಷ್ ಜೊತೆ ಸೇರಿದ್ರೆ ಹಾಗಾಗುತ್ತೆ. ಬ್ರಷ್ಷಲ್ಲಿ ಹೊಳಪಿನ ವಾರ್ನಿಷ್ ಹಚ್ಚಿದ ಮೇಲೆ ಬಹುಪಾಲು ತಿಳಿಯಾಯ್ತು, ಇಬ್ಬರು ಬಿಲ್ಲಿನವ್ರು ಮಾತ್ರ ಈಗಲೂ ಮುಳ್ಳಯ್ಯನಗಿರಿಯಿಂದ ಇಳಿದು ಬಂದ ಹಾಗಿದ್ದಾರೆ. ಇನ್ನೊಂದು, ಬೇಸ್ ಮೇಲೆ ಮಣ್ಣಿನ ಥರ ಕಾಣೋಕ್ಕೆ ಕಾಫಿ ಗಷ್ಟು ಅಂಟಿಸಿದ್ದು. ಒಳ್ಳೆ ಐಡಿಯಾನೇ, ಬಣ್ಣ ಥೇಟ್ ಚಿಕ್ಕಮಗಳೂರ ಕಡೆ ತೋಟದ ಮಣ್ಣು. ಆದ್ರೆ ಪೂರ್ತಿ ಒಣಗಿಸಿರಲಿಲ್ಲ, ಹದಿನೈದು ದಿನಕ್ಕೆ ಹೊಯ್ಸಳರ ಕಾಲಡಿ ಬಿಳೀ ಬೂಷ್ಟು ಬಂತು. ಈಗ ಹೇಮಾವತಿ ಮರಳನ್ನ ಜರಡಿ ಹಿಡಿದು ಹಾಕ್ತೀನಿ.

ಕೊನೇಲಿ ಈ ಸಣ್ಣ ಡಬ್ಬಿ, ಇದು 6 ಎಂಎಂ, ಟಿಪ್ಪು ಕಾಲದ ಮೈಸೂರು ಸೈನ್ಯ, ಇನ್ನೂ ಅರ್ಧ ಆಗಿದೆ. ಟಿಪ್ಪು ಸಿಪಾಯಿಗಳ ಅಂಗಿ ಮೇಲೆ ಹುಲಿ ಪಟ್ಟೆ ಇತ್ತಲ್ಲ, ಆರು ಎಂಎಂನಲ್ಲಿ ಪಟ್ಟೆ ಎಳೆಯೋಕ್ಕೆ ಬ್ರಹ್ಮ ಬಂದ್ರೂ ಆಗಲ್ಲ. ನೇರಳೆ ಅಂಗಿ ಮೇಲೆ ಮೂರು ಬಿಳಿ ಚುಕ್ಕೆ ಇಡ್ತೀನಿ, ನೋಡೋರ ಕಣ್ಣೇ ಪಟ್ಟೆ ಮಾಡ್ಕೊಳ್ಳುತ್ತೆ. ರಾಕೆಟ್ಟಿನವ್ರು ಸಿಗಲಿಲ್ಲ, ಭರ್ಜಿ ಹಿಡಿದೋರ ಭರ್ಜಿ ತೆಗೆದು, ಕೂದಲೆಳೆ ತಂತಿಗೆ ಒಂದು ಹನಿ ಅಂಟು ಕೂರಿಸಿ ಕಬ್ಬಿಣದ ಕೊಳವೆ ಮಾಡಿದೀನಿ. 1780ರ ಸೆಪ್ಟೆಂಬರ್ 10ಕ್ಕೆ ಕಂಚಿ ಹತ್ರದ ಪೊಲ್ಲಿಲೂರಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ತುಕಡೀನ ಹೈದರ್ ಟಿಪ್ಪು ಸೇರಿ ಮುಗಿಸಿದ್ರಲ್ಲ, ಆ ಆಟ ಆಡ್ಬೇಕು ಅಂತ ಆಸೆ. ಜೊತೆಗೆ ಸಕಲೇಶಪುರದ ಹತ್ರ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ. ಎಂಟು ಮೂಲೆಯ ನಕ್ಷತ್ರ, 1792ರದ್ದು, ಸನ್‌ಬೋರ್ಡಲ್ಲಿ ಕತ್ತರಿಸ್ತಾ ಇದೀನಿ. ಆದ್ರೆ ಇಲ್ಲಿ ಮತ್ತೆ ಅದೇ ಸ್ಕೇಲ್ ತಲೆನೋವು, ಗೊಂಬೆ ಲೆಕ್ಕಕ್ಕೆ ಕೋಟೆ ಮಾಡಿದ್ರೆ ಟೇಬಲ್ಲೇ ಕೋಟೆ, ನೆಲದ ಲೆಕ್ಕಕ್ಕೆ ಮಾಡಿದ್ರೆ ಸಿಪಾಯಿ ಗೋಡೆಗಿಂತ ಎತ್ತರ. ಕಟ್ಟಡ ಯಾವಾಗಲೂ ಗೊಂಬೆಗಿಂತ ಒಂದು ಸೈಜ್ ಸಣ್ಣದು ಮಾಡೋದು ವಾಡಿಕೆ. ಮೊದಲ ಸಲ ಕತ್ತರಿಸಿದಾಗ ಕೋನ ತಪ್ಪಿ ಏಳೇ ಮೂಲೆ ಬಂತು.

ಪ್ರಶ್ನೆ ಕೇಳಿ ಅಂದಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದ್ದು, 3ಡಿ ಪ್ರಿಂಟ್ ಮಾಡಿದ್ರೆ ಆಗಲ್ವಾ ಸಾರ್, ಇನ್ನೂ ಅಗ್ಗ ಅಲ್ವಾ ಅಂತ. ಆಗುತ್ತಮ್ಮ, ಧಾರಾಳವಾಗಿ ಆಗುತ್ತೆ, ರೆಸಿನ್ ಪ್ರಿಂಟಲ್ಲಿ ಕುಸುರಿ ಇನ್ನೂ ಚೆನ್ನಾಗಿ ಬರುತ್ತೆ, ಹೊಯ್ಸಳರ ಆನೇನ ಹಳೇಬೀಡಿನ ಆನೆ ಥರಾನೇ ಮಾಡ್ಕೋಬಹುದು. ನನಗೆ ಕೈಯಲ್ಲಿ ಆ ಭಾರ ಬೇಕು, ಅಷ್ಟೆ, ಫ್ಯಾನ್ ಗಾಳಿಗೆ ಬೀಳದಿರೋ ಸೈನ್ಯ ಬೇಕು. ನೀನು ಪ್ರಿಂಟ್ ಮಾಡು, ಬಾ, ಆಡೋಣ, ಆಗ ನಾನು ಒಂದೇ ಕಡೆ ಕಟ್ಟಿದ್ರೆ ಸಾಕಾಗುತ್ತೆ.

ಇನ್ನೊಬ್ಬ ಕೇಳಿದ, ಬಲ್ಲಾಳ ಗೆಲ್ತಾನಾ ಸಾರ್? ಬರೆದಿಟ್ಟಿದೀನಿ, ಇಲ್ಲೀವರೆಗೆ 19 ಆಟ ಆಗಿದೆ, ಬಲ್ಲಾಳ ಗೆದ್ದಿದ್ದು ಏಳು. ಸೋತಾಗೆಲ್ಲಾ ಒಂದೇ ಕಾರಣ, ಆನೇನ ಕಾಲಾಳು ಬಿಟ್ಟು ಮುಂದಕ್ಕೆ ಓಡಿಸಿದ್ದು. ಡಬ್ಬಿ ವಾಪಸ್ ಬಂದಾಗ ಎಣಿಸಿದೆ, 24 ಬೇಸ್ ಸರಿ ಇತ್ತು, ದಂತ ಅಂಟಿಸಿದ್ದ ಆನೆಯದ್ದು ಮತ್ತೆ ಬಿಟ್ಟಿತ್ತು, ಯಾರೋ ಪಾಪ ಕಾಗದದಲ್ಲಿ ಮಡಚಿ ಪಕ್ಕದಲ್ಲೇ ಇಟ್ಟಿದ್ರು.